ಗುಟ್ಟು ನೆರೆಮನೆಗೆ, ನರ್ಸಮ್ಮನಿಗಲ್ಲ

ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಬಸಿರಿನ ಸುದ್ದಿಗೆ ಒಂದು ಕಟ್ಟುಪಾಡಿದೆ: ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿಬಿಡಬಾರದು. ದೃಷ್ಟಿ ತಾಗೀತು ಎಂಬ ಅಳುಕು ಒಂದು ಕಡೆ. ನಡುವೆ ಏನಾದರೂ ಆದರೆ ಕೇಳಿದವರಿಗೆಲ್ಲ ಉತ್ತರ ಹೇಳುತ್ತ ಕೂರಬೇಕಲ್ಲ ಎಂಬ ಲೋಕಜ್ಞಾನ ಇನ್ನೊಂದು ಕಡೆ. ಎರಡನೆಯದನ್ನು ತಳ್ಳಿಹಾಕುವಂತಿಲ್ಲ. ಗೊತ್ತಾದ ಬಸಿರುಗಳಲ್ಲೇ ನೂರಕ್ಕೆ 10ರಿಂದ 20 ನಿಲ್ಲುವುದಿಲ್ಲ, ಅವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲೇ ಹೋಗುತ್ತವೆ. ಆದರೆ ಈ ಕಟ್ಟುಪಾಡು ನೆರೆಹೊರೆಯನ್ನು ದಾಟಿ ಆಸ್ಪತ್ರೆಯವರೆಗೂ ಹಬ್ಬಿದಾಗ ತೊಂದರೆ ಶುರುವಾಗುತ್ತದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ತಾಯಂದಿರಲ್ಲಿ ಮೊದಲ ಮೂರು ತಿಂಗಳೊಳಗೆ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 70 ಮಂದಿ. ಉಳಿದವರು ವೈದ್ಯರ ಮುಂದೆ ಕೂರುವ ಹೊತ್ತಿಗೆ ಮಗುವಿನ ಅಂಗಗಳು ಮೂಡಿಯೇ ಬಿಟ್ಟಿರುತ್ತವೆ.

ಒಂದು ಲೆಕ್ಕ ಹಾಕಿ ನೋಡಬಹುದು. ವೈದ್ಯರು ಬಸಿರಿನ ದಿನಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನ ಗರ್ಭ ಇನ್ನೂ ಕಟ್ಟಿಯೇ ಇರುವುದಿಲ್ಲ. ಆದರೂ ಹೆಣ್ಣಿಗೆ ಖಚಿತವಾಗಿ ನೆನಪಿರುವುದು ಅದೊಂದೇ ದಿನವಾದ್ದರಿಂದ ಎಣಿಕೆ ಅಲ್ಲಿಂದ ಶುರು. ಅಲ್ಲಿಂದ 280 ದಿನ, ಅಂದರೆ 40 ವಾರ. 19ನೇ ಶತಮಾನದ ಜರ್ಮನ್ ಪ್ರಸೂತಿ ತಜ್ಞ ಫ್ರಾಂಜ್ ನೇಗಲೆಯ ಹೆಸರಿನಲ್ಲಿ ಉಳಿದಿರುವ ಸೂತ್ರ ಇನ್ನೂ ಸುಲಭ: ಆ ತಾರೀಕಿಗೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ.

ಒಬ್ಬಳು ಹೆಣ್ಣುಮಗಳಿಗೆ ಕೊನೆಯ ಮುಟ್ಟಾದದ್ದು ಜನವರಿ 1ಕ್ಕೆ ಎಂದುಕೊಳ್ಳೋಣ. ಹೆರಿಗೆಯ ಅಂದಾಜು ದಿನ ಅಕ್ಟೋಬರ್ 8. ಗರ್ಭ ಕಟ್ಟುವುದು ಜನವರಿ 15ರ ಆಸುಪಾಸಿನಲ್ಲಿ. ಮುಟ್ಟು ತಪ್ಪಿತೆಂದು ಅವಳಿಗೆ ತಿಳಿಯುವುದು ಜನವರಿ 29ಕ್ಕೆ. ಅಷ್ಟರಲ್ಲಿ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. ಫೆಬ್ರವರಿ ಮೊದಲ ವಾರದ ಹೊತ್ತಿಗೆ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನಳಿಕೆ ಫೆಬ್ರವರಿ 12ರ ಸುಮಾರಿಗೆ ಮುಚ್ಚಿಕೊಳ್ಳುತ್ತದೆ. ಆಗ ಭ್ರೂಣ ಹೆಸರುಕಾಳಿನಷ್ಟು ಇರುತ್ತದೆ, ಅಷ್ಟೆ. ಮಾರ್ಚ್ ಮಧ್ಯದ ವೇಳೆಗೆ ಕೈಕಾಲು, ಕಣ್ಣು, ಕಿವಿ, ತುಟಿ, ಮೂತ್ರಪಿಂಡ ಎಲ್ಲದರ ಮೂಲರೂಪ ಸಿದ್ಧ. ಮೂರು ತಿಂಗಳು ತುಂಬಲಿ ಎಂದು ಕಾಯುವ ಮನೆಯಲ್ಲಿ ಇಷ್ಟೆಲ್ಲ ನಡೆಯುವುದು ಯಾರಿಗೂ ಗೊತ್ತಾಗದಂತೆ.

ತಾರೀಕೇ ನೆನಪಿಲ್ಲದವರ ಸಂಗತಿ ಬೇರೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಕ್ಯಾಲೆಂಡರ್ ಬಿಟ್ಟು ಹಬ್ಬ ಹಿಡಿದು ಕೇಳುತ್ತಾಳೆ: “ಸಂಕ್ರಾಂತಿಗೆ ಮುಂಚೆ ಆಗಿತ್ತೇನವ್ವಾ, ಆಮೇಲಾ?” ಮುಟ್ಟು ಏರುಪೇರಾಗುವವರಿಗೆ, ಹಾಲುಣಿಸುತ್ತಿರುವಾಗಲೇ ಮತ್ತೆ ಬಸಿರಾದವರಿಗೆ ಈ ಲೆಕ್ಕವೂ ಸರಿಹೋಗುವುದಿಲ್ಲ. ಅಂಥವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದ ಅಳೆದು ದಿನ ಹೇಳುತ್ತಾರೆ. ತಿಂಗಳುಗಳು ಮುಂದೆ ಹೋದಂತೆ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಹೆಚ್ಚುವುದರಿಂದ ಈ ಅಳತೆಯ ನಿಖರತೆ ಕುಗ್ಗುತ್ತದೆ. ದಿನದ ಲೆಕ್ಕ ತಪ್ಪಿದರೆ ಕೊನೆಯಲ್ಲಿ ಮಗು ಅವಧಿಗೆ ಮುಂಚೆ ಹುಟ್ಟಿತೋ, ದಿನ ಮೀರಿತೋ ಎಂಬುದರಲ್ಲೇ ಗೊಂದಲವಾಗುತ್ತದೆ.

ಬಸಿರು ಹೌದೋ ಅಲ್ಲವೋ ಎಂದು ತಿಳಿಯಲು ಈಗ ಮೆಡಿಕಲ್ ಶಾಪಿನ ಕಿಟ್ ಸಾಕು. ಇಂಥದೇ ಕಿಟ್ ಅನ್ನು ಸರ್ಕಾರ ‘ನಿಶ್ಚಯ್’ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಿಗೇ ಕಳಿಸುತ್ತದೆ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುತ್ತದೆ, ಆರಂಭದಲ್ಲಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಕಿಟ್ ಹುಡುಕುವುದು ಮೂತ್ರದಲ್ಲಿರುವ ಅದನ್ನೇ. ಬೆಳಗಿನ ಮೊದಲ ಮೂತ್ರದಲ್ಲಿ ಅದು ಹೆಚ್ಚು ಸಾಂದ್ರವಾಗಿರುತ್ತದೆ. ಎರಡನೇ ಗೆರೆ ಮಸುಕಾಗಿದ್ದರೂ ಗೆರೆ ಗೆರೆಯೇ. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಆದರೆ ಕಿಟ್ ಹೇಳುವುದು ಬಸಿರು ಇದೆ ಎಂದಷ್ಟೇ. ಅದು ಎಲ್ಲಿ ನಿಂತಿದೆ, ಹೇಗಿದೆ ಎಂದು ಹೇಳಲು ಅದಕ್ಕೆ ಬಾರದು.

ಎರಡು ಗೆರೆ ಕಂಡ ದಿನವೇ ಮಾಡಬೇಕಾದ, ಇನ್ನೂ ಹೇಳಬೇಕೆಂದರೆ ಅದಕ್ಕಿಂತ ಒಂದು ತಿಂಗಳಾದರೂ ಮುಂಚೆ ಶುರುವಾಗಬೇಕಾದ ಕೆಲಸ ಫೋಲಿಕ್ ಆಮ್ಲದ ಮಾತ್ರೆ ನುಂಗುವುದು. ಇದರ ಕಥೆಗೆ ಭಾರತದ ನಂಟಿದೆ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಬಸುರಿಯರಲ್ಲಿ ಕಾಣುತ್ತಿದ್ದ ವಿಚಿತ್ರ ರಕ್ತಹೀನತೆಗೆ ಕಾರಣ ಹುಡುಕುವುದು ಅವರ ಕೆಲಸ. ಇಲಿ, ಕೋತಿಗಳ ಮೇಲೆ ಪ್ರಯೋಗ ಮಾಡಿದರು, ಹೆಂಗಸರ ಊಟದ ತಟ್ಟೆಯನ್ನು ಪರೀಕ್ಷಿಸಿದರು. ಕೊನೆಗೆ ಫಲ ಕೊಟ್ಟದ್ದು ಬ್ರಿಟಿಷರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. 1931ರಲ್ಲಿ ಅವರು ಅದನ್ನು ಪ್ರಕಟಿಸಿದಾಗ ಅದರೊಳಗಿನ ಗುಣಕಾರಿ ವಸ್ತು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ‘ವಿಲ್ಸ್ ಅಂಶ’ ಎಂದೇ ಕರೆದರು. ಹತ್ತು ವರ್ಷದ ಮೇಲೆ, 1941ರಲ್ಲಿ, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ವಸ್ತುವಿಗೆ ಫೋಲಿಕ್ ಆಮ್ಲ ಎಂಬ ಹೆಸರು ಬಿತ್ತು.

ಅದು ರಕ್ತಕ್ಕಷ್ಟೇ ಬೇಕಾದ್ದಲ್ಲ ಎಂದು ಖಚಿತವಾದದ್ದು 1991ರಲ್ಲಿ. ಬೆನ್ನುಹುರಿಯ ನಳಿಕೆ ಮುಚ್ಚದ ಮಗುವನ್ನು ಒಮ್ಮೆ ಹೆತ್ತಿದ್ದ ತಾಯಂದಿರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ಪರೀಕ್ಷೆ ನಡೆಸಿತು. ಫೋಲಿಕ್ ಆಮ್ಲ ನುಂಗಿದವರಲ್ಲಿ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇಂದಿನ ಸಲಹೆ: ಮಗು ಬೇಕೆಂದುಕೊಂಡಾಗಿನಿಂದ 12 ವಾರ ತುಂಬುವವರೆಗೆ ದಿನಕ್ಕೆ 400 ಮೈಕ್ರೊಗ್ರಾಂ. ಹಿಂದೆ ಅಂಥ ಮಗು ಹುಟ್ಟಿದ್ದವರಿಗೆ ವೈದ್ಯರು ಇದರ ಹತ್ತು ಪಟ್ಟು ಕೊಡುತ್ತಾರೆ. ಸೊಪ್ಪು, ಕಾಳು ತಿನ್ನುವುದು ಒಳ್ಳೆಯದೇ, ಆದರೆ ಬೇಯಿಸಿದಾಗ ಫೋಲೇಟ್ ಸಾಕಷ್ಟು ನಷ್ಟವಾಗುತ್ತದೆ. ಆದ್ದರಿಂದ ಮಾತ್ರೆಯ ಕೆಲಸವನ್ನು ಸೊಪ್ಪಿನ ಸಾರಿಗೆ ಒಪ್ಪಿಸುವಂತಿಲ್ಲ. ನಮ್ಮ ಹೆಣ್ಣುಮಗಳ ಲೆಕ್ಕಕ್ಕೆ ಮರಳಿದರೆ, ನಳಿಕೆ ಮುಚ್ಚುವುದು ಫೆಬ್ರವರಿ 12ಕ್ಕೆ. ಮೊದಲ ಮಾತ್ರೆ ಮಾರ್ಚ್ ಕೊನೆಯಲ್ಲಿ ಸಿಕ್ಕರೆ ಈ ಕೆಲಸಕ್ಕೆ ಅದು ಒದಗದು.

ಎರಡು ಗೆರೆ ಕಂಡಾಗ ಗಮನಿಸಬೇಕಾದ ಎರಡನೆಯ ಸಂಗತಿ, ಮನೆಯಲ್ಲಿ ಈಗಾಗಲೇ ನುಂಗುತ್ತಿರುವ ಮಾತ್ರೆಗಳು. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಅನ್ನು ನಿದ್ದೆಗೂ ಬಸಿರಿನ ವಾಕರಿಕೆಗೂ ನಿರಪಾಯಕಾರಿ ಎಂದು ಮಾರಿದರು. 1961ರ ನವೆಂಬರಿನಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರು. ಒಟ್ಟಾರೆ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಮೊಂಡು ಕೈಕಾಲುಗಳೊಂದಿಗೆ, ಬೇರೆ ನ್ಯೂನತೆಗಳೊಂದಿಗೆ ಹುಟ್ಟಿದರು. ಅಂಗಗಳು ಮೂಡುವ ಆ ಕೆಲವೇ ವಾರಗಳಲ್ಲಿ ತಾಯಿ ನುಂಗಿದ ಮಾತ್ರೆ ಮಾಡಿದ ಹಾನಿ ಅದು. ಇಂದು ಎಚ್ಚರ ಬೇಕಿರುವುದು ಬೇರೆ ಹೆಸರುಗಳ ಬಗ್ಗೆ: ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಮೂರ್ಛೆರೋಗದ ವ್ಯಾಲ್ಪ್ರೊಯೇಟ್, ಸಂಧಿವಾತದ ಮೆಥೊಟ್ರೆಕ್ಸೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ರಕ್ತದೊತ್ತಡದ ಕೆಲವು ಮಾತ್ರೆಗಳು. ಇವನ್ನು ನುಂಗುತ್ತಿರುವವರು ಅದೇ ವಾರ ವೈದ್ಯರನ್ನು ಕಾಣಬೇಕು. ಹಾಗೆಂದು ಹೆದರಿ ಮೂರ್ಛೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಪೆಟ್ಟು. ಥೈರಾಯ್ಡ್ ಮಾತ್ರೆ ನುಂಗುವವರಿಗಂತೂ ಬಸಿರಾದ ಕೂಡಲೇ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಜ್ವರ, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ಅಂಗಡಿಯವರು ಕೊಡುವ ಬೇರೆ ನೋವಿನ ಮಾತ್ರೆ ಬೇಡ.

ಗಂಡು ಮಗುವಿಗೆಂದು ಗುಟ್ಟಾಗಿ ಕೊಡುವ ಪುಡಿ, ಉಂಡೆಗಳದು ಇದಕ್ಕಿಂತ ಕೆಟ್ಟ ಕಥೆ. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟಿದ ಗಳಿಗೆಯಲ್ಲೇ, ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗಿರುತ್ತದೆ. ಎರಡನೇ ತಿಂಗಳಲ್ಲಿ ತಿಂದ ಪುಡಿ ಅದನ್ನು ಬದಲಿಸದು. ಹರಿಯಾಣದಲ್ಲಿ ನಡೆದ ಅಧ್ಯಯನಗಳು ಇಂಥ ಔಷಧ ಸೇವಿಸಿದ ತಾಯಂದಿರ ಮಕ್ಕಳಲ್ಲಿ ಜನ್ಮಜಾತ ದೋಷ ಹೆಚ್ಚಿರುವುದನ್ನು ತೋರಿಸಿವೆ.

ವಾಕರಿಕೆಗೆ ಬರೋಣ. ನೂರರಲ್ಲಿ 70–80 ಬಸುರಿಯರಿಗೆ ಇದು ತಪ್ಪಿದ್ದಲ್ಲ. ಆರನೇ ವಾರದ ಸುಮಾರಿಗೆ ಹತ್ತಿ, ಒಂಬತ್ತನೇ ವಾರದ ಹೊತ್ತಿಗೆ ತಾರಕಕ್ಕೇರಿ, ಬಹುತೇಕರಿಗೆ ನಾಲ್ಕೈದು ತಿಂಗಳಲ್ಲಿ ಇಳಿಯುತ್ತದೆ. “ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲಮ್ಮ” ಎನ್ನುವ ಅತ್ತೆಯರಿಗೆ ಉತ್ತರ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯಿಂದ. ಭ್ರೂಣ ಮತ್ತು ಮಾಸು ಜಿಡಿಎಫ್15 ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಮಿದುಳಿನ ಬುಡದಲ್ಲಿ ವಾಂತಿಯ ಸಂಜ್ಞೆ ಎಬ್ಬಿಸುತ್ತದೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಕಾಟ ಹೆಚ್ಚು. ಅಂದರೆ ಒಬ್ಬಳು ಹಾಸಿಗೆ ಹಿಡಿಯುವುದಕ್ಕೂ ಇನ್ನೊಬ್ಬಳು ಓಡಾಡಿಕೊಂಡಿರುವುದಕ್ಕೂ ಮನಸ್ಸಿನ ಗಟ್ಟಿತನ ಕಾರಣವಲ್ಲ.

ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪವಾಗಿ ತಿನ್ನುವುದು, ಏಳುವ ಮೊದಲೇ ರಸ್ಕೋ ಮಂಡಕ್ಕಿಯೋ ಬಾಯಿಗೆ ಹಾಕಿಕೊಳ್ಳುವುದು, ಒಗ್ಗರಣೆಯ ವಾಸನೆಯಿಂದ ದೂರ ಇರುವುದು, ಶುಂಠಿ, ಇಷ್ಟರಲ್ಲೇ ಎಷ್ಟೋ ಜನ ಸುಧಾರಿಸಿಕೊಳ್ಳುತ್ತಾರೆ. ಸಾಲದಿದ್ದರೆ ವೈದ್ಯರು ಬರೆದುಕೊಡುವ, ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವ ಕೂಡಿದ ಮಾತ್ರೆ ದಶಕಗಳಿಂದ ಬಳಕೆಯಲ್ಲಿರುವ, ಸುರಕ್ಷಿತವೆಂದು ಒಪ್ಪಿರುವ ಔಷಧ. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ ಅಥವಾ ತೂಕ ಇಳಿಯುತ್ತ ಹೋದರೆ ಮಾತ್ರ ಮನೆಮದ್ದಿನ ಮಾತು ಬೇಡ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕು.

ಊಟದ ವಿಷಯದಲ್ಲಿ ಉಪದೇಶ ಹೆಚ್ಚು, ಆಧಾರ ಕಡಿಮೆ. ಇಬ್ಬರ ಊಟ ಉಣ್ಣಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕಿಲೊಕ್ಯಾಲರಿ. ಆ ಅಗತ್ಯವೂ ಮುಖ್ಯವಾಗಿ ನಾಲ್ಕನೇ ತಿಂಗಳಿನಿಂದಾಚೆಗೆ. ಪರಂಗಿ ಹಣ್ಣಿನ ಭಯಕ್ಕೆ ಅರ್ಧ ಆಧಾರವಿದೆ: ಕಾಯಿಯ ಹಾಲಿನಂಥ ಸೊನೆ ಇಲಿಗಳ ಗರ್ಭಕೋಶವನ್ನು ಕುಗ್ಗಿಸಿದ್ದನ್ನು ಪ್ರಯೋಗಗಳು ತೋರಿಸಿವೆ, ಚೆನ್ನಾಗಿ ಕಳಿತ ಹಣ್ಣಿನಿಂದ ಹಾಗಾಗಲಿಲ್ಲ. ಕೇಸರಿ ಹಾಕಿದ ಹಾಲು ಮಗುವಿನ ಬಣ್ಣ ಬದಲಿಸದು, ಹಾಲಿನಿಂದ ಕ್ಯಾಲ್ಸಿಯಂ ಸಿಗುತ್ತದೆ. ರಾಗಿ ಮುದ್ದೆ, ರೊಟ್ಟಿ, ಕಾಳಿನ ಸಾರು, ಮೊಟ್ಟೆ, ಮೊಸರು, ಹಣ್ಣು, ಅಯೋಡಿನ್ ಉಪ್ಪು ಇದ್ದರೆ ದುಬಾರಿ ಪುಡಿಯ ಡಬ್ಬ ಬೇಕೇಬೇಕೆಂದಿಲ್ಲ. ಕಾಫಿ ದಿನಕ್ಕೆ ಒಂದೆರಡು ಸಣ್ಣ ಲೋಟದಲ್ಲಿ ನಿಲ್ಲಲಿ. ಕೆಫೀನ್ 200 ಮಿಲಿಗ್ರಾಂ ಮೀರದಿರಲಿ ಎನ್ನುತ್ತಾರೆ ತಜ್ಞರು. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಡ್ಡಿಪುಡಿ, ಹೊಗೆಸೊಪ್ಪು, ಮದ್ಯ ಪೂರ್ತಿ ಬೇಡ. ಮನೆಯವರು ಸೇದುವ ಬೀಡಿಯ ಹೊಗೆಯೂ ಬೇಡ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟಿದರೆ ಅದನ್ನು ಬಯಕೆಯೆಂದು ನಕ್ಕು ಬಿಡಬಾರದು. ರಕ್ತಹೀನತೆಯಿರುವವರಲ್ಲಿ ಇದು ಹೆಚ್ಚು.

ಇನ್ನು ಮೊದಲ ಭೇಟಿ. 12 ವಾರದೊಳಗೆ ಉಪಕೇಂದ್ರದ ನರ್ಸಮ್ಮನ ಬಳಿಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೆಸರು ಬರೆಸಿದರೆ ತಾಯಿ ಕಾರ್ಡ್ ಕೈಗೆ ಬರುತ್ತದೆ. ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳುವವರೂ ಈ ಕಾರ್ಡ್ ಮಾಡಿಸಬಹುದು. ಅಂದು ತೂಕ, ರಕ್ತದೊತ್ತಡ ನೋಡಿ, ರಕ್ತ ಮತ್ತು ಮೂತ್ರ ತೆಗೆದುಕೊಳ್ಳುತ್ತಾರೆ. ಹಿಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ದೇಶದ ಬಸುರಿಯರಲ್ಲಿ ಶೇಕಡಾ 52.2 ಮಂದಿಗೆ ಅದಿತ್ತು. ಇಷ್ಟು ಬೇಗ ಗೊತ್ತಾದರೆ ಸರಿಪಡಿಸಲು ಆರು ತಿಂಗಳ ಸಮಯವಿರುತ್ತದೆ, ಎಂಟನೇ ತಿಂಗಳಲ್ಲಿ ಗೊತ್ತಾದರೆ ರಕ್ತ ಏರಿಸುವ ಮಾತು ಬರಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ 140 ತಲುಪಿದೆಯೇ ಎಂದು ನೋಡುತ್ತಾರೆ. ಇದನ್ನು ಆರನೇ ತಿಂಗಳ ಸುಮಾರಿಗೆ ಮತ್ತೊಮ್ಮೆ ಮಾಡುತ್ತಾರೆ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯೆಂದರೆ ಯಾರ ಮೇಲೋ ಸಂಶಯವೆಂದು ಅರ್ಥವಲ್ಲ, ಎಲ್ಲರಿಗೂ ಮಾಡುತ್ತಾರೆ. ಇದ್ದರೂ ಮಗುವಿಗೆ ದಾಟದಂತೆ ತಡೆಯುವ ಮದ್ದುಗಳಿವೆ. ತಾಯಿಯದು ಆರ್‌ಎಚ್ ನೆಗೆಟಿವ್ ರಕ್ತವಾದರೆ ಗಂಡನ ಗುಂಪನ್ನೂ ನೋಡಿ, 28ನೇ ವಾರದ ಇಂಜೆಕ್ಷನ್ನಿಗೆ ಈಗಲೇ ಗುರುತು ಹಾಕುತ್ತಾರೆ. ಧನುರ್ವಾಯು, ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆಯ ಮೊದಲ ಡೋಸ್ ಕೂಡ ಇಲ್ಲೇ.

ಸ್ಕ್ಯಾನಿಂಗ್‌ನಲ್ಲಿ ಎರಡು ಹಂತ. ಆರರಿಂದ ಎಂಟನೇ ವಾರದಲ್ಲಿ ಗರ್ಭ ಸರಿಯಾದ ಜಾಗದಲ್ಲಿದೆಯೇ, ಮಿಡಿತವಿದೆಯೇ, ಒಂದೋ ಎರಡೋ ಎಂದು ನೋಡುತ್ತಾರೆ. 11ರಿಂದ 14ನೇ ವಾರದ ನಡುವಿನ ಎನ್‌ಟಿ ಸ್ಕ್ಯಾನ್ ಮಗುವಿನ ಕತ್ತಿನ ಹಿಂದಿನ ದ್ರವದ ದಪ್ಪ ಅಳೆಯುತ್ತದೆ. ಜೊತೆಗೆ ರಕ್ತಪರೀಕ್ಷೆಯನ್ನೂ ಸೇರಿಸಿ ಡೌನ್ ಸಿಂಡ್ರೋಮ್‌ನಂಥ ದೋಷಗಳ ಸಂಭವ ಎಷ್ಟೆಂದು ಹೇಳುತ್ತಾರೆ. ನಮ್ಮ ಲೆಕ್ಕದ ಹೆಣ್ಣುಮಗಳಿಗೆ ಇದರ ಅವಧಿ ಮಾರ್ಚ್ 19ರಿಂದ ಏಪ್ರಿಲ್ 8ರವರೆಗೆ. ಆ ಮೂರು ವಾರ ದಾಟಿದರೆ ಈ ಅಳತೆ ಸಿಗುವುದಿಲ್ಲ. ಇದು ಸಂಭವದ ಲೆಕ್ಕವೇ ಹೊರತು ತೀರ್ಪಲ್ಲ, ಹೆಚ್ಚು ಎಂದು ಬಂದರೆ ಮುಂದಿನ ಪರೀಕ್ಷೆಗಳಿವೆ. ಭ್ರೂಣದ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ರಕ್ತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತಸ್ರಾವವಾಗುತ್ತದೆ, ಅವರಲ್ಲಿ ಬಹಳಷ್ಟು ಮಂದಿಯ ಬಸಿರು ಉಳಿಯುತ್ತದೆ. ಉಳಿಯದೆ ಹೋದವುಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಏರುಪೇರು. ಕೊಡ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಮೆಟ್ಟಿಲು ಹತ್ತಿದ್ದು ಕಾರಣವಲ್ಲ. ಗ್ರಹಣದ ದಿನ ಹೊರಗೆ ಬಂದದ್ದೂ ಅಲ್ಲ. ಹಾಸಿಗೆ ಬಿಟ್ಟೇಳದೆ ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಇಂಥ ಹೊತ್ತಿನಲ್ಲಿ ಧಾರಾಳವಾಗಿ ಬರೆಯುವ ಪ್ರೊಜೆಸ್ಟರಾನ್ ಬಗ್ಗೆ ಬ್ರಿಟನ್ನಿನ 48 ಆಸ್ಪತ್ರೆಗಳಲ್ಲಿ 4,153 ಹೆಂಗಸರನ್ನು ಸೇರಿಸಿಕೊಂಡ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಔಷಧ ಪಡೆದವರಲ್ಲಿ ಶೇಕಡಾ 75, ಹುಸಿ ಔಷಧ ಪಡೆದವರಲ್ಲಿ ಶೇಕಡಾ 72 ಮಂದಿ ಜೀವಂತ ಮಗು ಹೆತ್ತರು. ಒಟ್ಟಾರೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹಿಂದೆ ಹಲವು ಗರ್ಭಪಾತವಾಗಿದ್ದವರಲ್ಲಿ ಮಾತ್ರ ಪ್ರಯೋಜನ ಕಂಡಿತು. ಕಳೆದುಕೊಂಡವರಿಗೆ ಬೇಕಾದದ್ದು ತಪ್ಪು ಹುಡುಕುವ ಮಾತಲ್ಲ. ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಒಂದು ಗಂಟೆಯೂ ಕಾಯುವಂತಿಲ್ಲ. ನೂರಕ್ಕೆ ಒಂದೆರಡು ಬಸಿರು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ ನಿಲ್ಲುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ, ಹೊರಗೆ ಕಾಣುವುದು ಸ್ವಲ್ಪವೇ. ಕಿಬ್ಬೊಟ್ಟೆಯ ಒಂದು ಬದಿಗೆ ಜೋರು ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು, ಮೂರ್ಛೆ ಇದ್ದರೆ 108ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಯಾರಿಗೂ ಬಸಿರಿನ ಸುದ್ದಿಯೇ ಗೊತ್ತಿಲ್ಲದಿದ್ದರೆ ಇದನ್ನು ಗ್ಯಾಸ್ ಎಂದುಕೊಂಡು ಓಮದ ನೀರು ಕುಡಿಸಿ ಮಲಗಿಸುವ ಅಪಾಯವಿದೆ.

ಎಲ್ಲ ಬಸಿರೂ ಬೇಕಾಗಿ ಬಂದದ್ದಲ್ಲ. 1971ರ ಕಾಯ್ದೆ ಮತ್ತು 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಕಾನೂನುಬದ್ಧ. ಮಾತ್ರೆಯಿಂದ ಆಗುವುದು ಒಂಬತ್ತು ವಾರದೊಳಗೆ. ಸ್ಕ್ಯಾನ್ ಇಲ್ಲದೆ ಅಂಗಡಿಯಿಂದ ಆ ಮಾತ್ರೆ ತಂದು ನುಂಗಿದರೆ, ಗರ್ಭ ನಾಳದಲ್ಲಿದ್ದರೂ ತಿಳಿಯದೆ ಹೋಗುತ್ತದೆ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಂಥವರು ಸೂಪರ್‌ವೈಸರ್‌ಗೆ ಹೇಳಲು ಅಂಜುವುದಕ್ಕೂ ಕಾರಣಗಳಿವೆ. ಕಾನೂನು ಅವರ ಪರವಾಗಿದೆ: 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಇದೆ, ಗರ್ಭಪಾತವಾದರೆ ಆರು ವಾರ. ಅದಕ್ಕೆ ವೈದ್ಯರ ಚೀಟಿ ಬೇಕು, ಚೀಟಿಗೆ ದಾಖಲೆ ಬೇಕು. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಕೇಳುವುದಕ್ಕೂ, ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣದ ಊಟಕ್ಕೂ ಹೆಸರು ಬರೆಸಿರಬೇಕು.

ಜನವರಿ 1ರ ಲೆಕ್ಕದ ಹೆಣ್ಣುಮಗಳಿಗೆ ಮಾರ್ಚ್ 26ಕ್ಕೆ 12 ವಾರ ತುಂಬುತ್ತದೆ. ಬೇಕಿದ್ದರೆ ಬೀದಿಗೆಲ್ಲ ಸಿಹಿ ಹಂಚಬಹುದು. ಅಲ್ಲಿಂದ ಮಾತ್ರೆಗಳು ಬದಲಾಗುತ್ತವೆ: ಬರೀ ಫೋಲಿಕ್ ಆಮ್ಲದ ಬದಲು 60 ಮಿಲಿಗ್ರಾಂ ಕಬ್ಬಿಣವೂ ಸೇರಿದ ಕೆಂಪು ಮಾತ್ರೆ ದಿನಕ್ಕೊಂದು, ಕನಿಷ್ಠ 180 ದಿನ, ಏಪ್ರಿಲ್ 9ಕ್ಕೆ 14 ವಾರವಾದಾಗ 500 ಮಿಲಿಗ್ರಾಂ ಕ್ಯಾಲ್ಸಿಯಂ ದಿನಕ್ಕೆ ಎರಡು, ನಡುವೆ ಒಮ್ಮೆ ಜಂತುಹುಳುವಿನ ಮಾತ್ರೆ. ಕ್ಯಾಲ್ಸಿಯಂ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಸೇರದ್ದರಿಂದ ಎರಡರ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಕ್ಯಾಲ್ಸಿಯಂ ಊಟದ ಜೊತೆಗೆ, ಕೆಂಪು ಮಾತ್ರೆ ಊಟವಾದ ಎರಡು ಗಂಟೆಯ ಮೇಲೆ ನಿಂಬೆ ಪಾನಕದೊಂದಿಗೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆಯೂ ಆಗುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಡುವ ಬದಲು ನೀರು, ಸೊಪ್ಪು, ಹಣ್ಣು ಹೆಚ್ಚಿಸಿ, ಮುಂದಿನ ಭೇಟಿಯಲ್ಲಿ ನರ್ಸಮ್ಮನಿಗೆ ಹೇಳಬೇಕು.